ಕೆಟಮಿನ್ ಚಿಕಿತ್ಸೆ: ಡ್ರಿಪ್ ಹಾಕಿದ ಮೇಲೆ ಏನಾಗುತ್ತದೆ?

ಮಾತ್ರೆಗೆ ಬಗ್ಗದ ಖಿನ್ನತೆಗೆ ಕೆಟಮಿನ್ ಕೊಡುವುದರ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಮನೋವೈದ್ಯರು ಮತ್ತು ಅರಿವಳಿಕೆ ತಜ್ಞರು ಸೇರಿ ಉತ್ತರಿಸಿದ್ದಾರೆ. ಪತ್ರ ಬರೆದವರ ಹೆಸರು ಪ್ರಕಟಿಸುತ್ತಿಲ್ಲ.

ನನ್ನ ತಮ್ಮನಿಗೆ ಎರಡು ವರ್ಷದಿಂದ ಖಿನ್ನತೆ. ಮೂರು ಬಗೆಯ ಮಾತ್ರೆ ಬದಲಾಯಿಸಿದರೂ ಗುಣ ಕಾಣಲಿಲ್ಲ. ಈಗ ಡಾಕ್ಟರು ಕೆಟಮಿನ್ ಎನ್ನುತ್ತಿದ್ದಾರೆ. ಅದು ಆಪರೇಷನ್‌ಗೆ ಕೊಡುವ ಔಷಧವಲ್ಲವೇ? ಪ್ರಜ್ಞೆ ತಪ್ಪಿಸುತ್ತಾರೆಯೇ? (ದಾವಣಗೆರೆ)

ಔಷಧ ಅದೇ, ಆದರೆ ಪ್ರಮಾಣ ಬೇರೆ, ಕೊಡುವ ವೇಗವೂ ಬೇರೆ. ಆಪರೇಷನ್‌ಗಾದರೆ ದೇಹದ ತೂಕದ ಪ್ರತಿ ಕಿಲೋಗೆ 1ರಿಂದ 2 ಮಿಲಿಗ್ರಾಂ ಲೆಕ್ಕದಲ್ಲಿ ಒಂದೆರಡು ನಿಮಿಷದೊಳಗೆ ರಕ್ತನಾಳಕ್ಕೆ ಹೋಗುತ್ತದೆ, ಪ್ರಜ್ಞೆ ತಪ್ಪುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕಿಲೋಗೆ 0.5 ಮಿಲಿಗ್ರಾಂ, ಅದೂ ಸಲೈನ್‌ನಲ್ಲಿ ಬೆರೆಸಿ 40 ನಿಮಿಷ ನಿಧಾನವಾಗಿ. ನಿಮ್ಮ ತಮ್ಮ 60 ಕಿಲೋ ಇದ್ದರೆ 30 ಮಿಲಿಗ್ರಾಂ. ಒಂದು ಎಂಎಲ್‌ನಲ್ಲಿ 50 ಮಿಲಿಗ್ರಾಂ ಇರುವ ಸೀಸೆಯಿಂದ ತೆಗೆದರೆ 0.6 ಎಂಎಲ್ ಆಯಿತು. ಅವರು ಎಚ್ಚರವಾಗಿಯೇ ಇರುತ್ತಾರೆ, ಕರೆದರೆ ಓಗೊಡುತ್ತಾರೆ.

2000ದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಬೆರಳೆಣಿಕೆಯ ರೋಗಿಗಳಿಗೆ ಕೊಟ್ಟು ವರದಿ ಮಾಡಿದ ಪ್ರಮಾಣವೇ ಇಂದಿಗೂ ಹೆಚ್ಚಿನ ಕಡೆ ಚಾಲ್ತಿಯಲ್ಲಿದೆ. ಎರಡು ಬೇರೆ ಬೇರೆ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ತಲಾ ಆರರಿಂದ ಎಂಟು ವಾರ ತೆಗೆದುಕೊಂಡರೂ ಗುಣವಾಗದಿದ್ದಾಗ ಈ ದಾರಿ ಯೋಚಿಸುತ್ತಾರೆ. ಆದ್ದರಿಂದ ಹಳೆಯ ಚೀಟಿಗಳನ್ನೆಲ್ಲ ಒಟ್ಟುಮಾಡಿಕೊಂಡು ಹೋಗಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಎಷ್ಟು ವಾರ ಎಂಬುದು ಗೊತ್ತಿಲ್ಲದೆ ಈ ತೀರ್ಮಾನ ಮಾಡಲಾಗದು.

ಮುಂದಿನ ವಾರ ನನ್ನ ಮೊದಲ ಡ್ರಿಪ್. ‘ಮೈಯಿಂದ ಆಚೆ ಹೋದ ಹಾಗೆ ಆಗುತ್ತದೆ’ ಎಂದು ಯಾರೋ ಹೇಳಿದಾಗಿನಿಂದ ಭಯ. ನಿಜವಾಗಿ ಏನಾಗುತ್ತದೆ? ಹೇಗೆ ತಯಾರಾಗಬೇಕು? (ಮೈಸೂರು)

ತಯಾರಿ ಮೊದಲು. ಘನ ಆಹಾರವನ್ನು ಆರು ಗಂಟೆ ಮುಂಚೆ, ನೀರನ್ನು ಎರಡು ಗಂಟೆ ಮುಂಚೆ ನಿಲ್ಲಿಸಲು ಹೇಳುತ್ತಾರೆ. ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಬಾರದೆಂಬುದೇ ಕಾರಣ. ಬಿಪಿ ಮಾತ್ರೆ ತಪ್ಪಿಸಬೇಡಿ. ಬೆಳಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಮೊದಲೇ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯಿದ್ದರೆ ಬೆಳಗಿನ ಮೊದಲ ಸರದಿ ಕೇಳಿ. ಉಪವಾಸದಲ್ಲಿ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಇಳಿದುಬಿಡಬಹುದು, ಅದನ್ನು ವೈದ್ಯರು ಹೇಳಿದ ಹಾಗೆ ಮಾಡಿ. ಸಡಿಲ ತೋಳಿನ ಬಟ್ಟೆ ಹಾಕಿಕೊಳ್ಳಿ, ಮಲಗುವ ಮುಂಚೆ ಮೂತ್ರ ಮಾಡಿ ಬನ್ನಿ. ಜೊತೆಗೆ ಒಬ್ಬರು ಇರಲೇಬೇಕು. ಆ ದಿನ ಸ್ಕೂಟರ್, ಕಾರು ಮುಟ್ಟುವ ಹಾಗಿಲ್ಲ, ಸಹಿ ಹಾಕುವ ವ್ಯವಹಾರ ಬೇಡ. ಒಂದು ರಾತ್ರಿ ಚೆನ್ನಾಗಿ ನಿದ್ದೆಯಾದ ಮೇಲೆ ಮಾತ್ರ ಗಾಡಿ.

ಕೈಗೆ ಸೂಜಿ, ತೋಳಿಗೆ ಬಿಪಿ ಪಟ್ಟಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್. ಪಂಪ್ ಶುರುವಾದ ಐದು-ಹತ್ತು ನಿಮಿಷಕ್ಕೆ ತುಟಿ, ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ. ಆಮೇಲೆ ಕೈಕಾಲು ನಿಮ್ಮದಲ್ಲವೇನೋ ಅನಿಸಬಹುದು. ಪಕ್ಕದಲ್ಲಿ ನರ್ಸ್ ಮಾತಾಡಿದ್ದು ದೂರದಿಂದ ಕೇಳಿಸಬಹುದು. ಐದು ನಿಮಿಷ ಕಳೆದದ್ದು ಒಂದು ಗಂಟೆಯೆನಿಸಬಹುದು. ಕಣ್ಣು ಮುಚ್ಚಿದರೆ ಬಣ್ಣ, ಆಕಾರ, ಹಳೆಯ ನೆನಪು ಬರುವುದುಂಟು. ಕೆಲವರಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ, ಕೆಲವರಿಗೆ ಎಷ್ಟೋ ತಿಂಗಳ ಮೇಲೆ ಎದೆಯ ಭಾರ ಇಳಿದ ಹಾಗಾಗುತ್ತದೆ, ಇನ್ನು ಕೆಲವರಿಗೆ ಮಂಪರು ಬಿಟ್ಟರೆ ಬೇರೇನೂ ಇಲ್ಲ. ಇದೆಲ್ಲ ಡ್ರಿಪ್ ಮುಗಿಯುವ ಹೊತ್ತಿಗೆ ತುತ್ತತುದಿಗೆ ಹೋಗಿ, ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಪೂರ್ತಿ ಇಳಿಯುತ್ತದೆ.

ಭಯ ಹುಟ್ಟುವ ಘಳಿಗೆ ಯಾವುದೆಂದರೆ, ಮೈಮೇಲಿನ ಹಿಡಿತ ಜಾರುತ್ತಿದೆ ಎಂದು ಗೊತ್ತಾದಾಗ ಅದನ್ನು ಬಲವಂತವಾಗಿ ಹಿಡಿದುಕೊಳ್ಳಲು ಹೋಗುವುದು. ಸತ್ತೇ ಹೋದೆನೇನೋ, ಹುಚ್ಚು ಹಿಡಿಯಿತೇನೋ ಎನಿಸಿದರೆ ಬಾಯಿಬಿಟ್ಟು ಹೇಳಿ. ನರ್ಸ್ ಪಂಪಿನ ವೇಗ ತಗ್ಗಿಸಬಹುದು, ನಿಲ್ಲಿಸಲೂಬಹುದು. ನಿಲ್ಲಿಸಿದ ಹತ್ತು-ಹದಿನೈದು ನಿಮಿಷದಲ್ಲೇ ತೀವ್ರತೆ ಇಳಿಯತೊಡಗುತ್ತದೆ. ಮಾತು ತೊದಲಬಹುದೆಂದು ಮೊದಲೇ ಒಂದು ಸನ್ನೆ ಗೊತ್ತುಮಾಡಿಕೊಂಡರೆ ಒಳ್ಳೆಯದು: ಕೈ ಎತ್ತಿದರೆ ‘ಹತ್ತಿರ ಬನ್ನಿ’ ಎಂದು. ಕಣ್ಣಾಲಿಗಳು ಅಲುಗಾಡುವುದರಿಂದ ದೃಷ್ಟಿ ಮಂಜಾಗುತ್ತದೆ. ಆ ಸ್ಥಿತಿಯಲ್ಲಿ ಮೊಬೈಲ್ ನೋಡಿದರೆ, ತಲೆ ತಿರುಗಿಸಿದರೆ ವಾಕರಿಕೆ ಖಚಿತ. ಕಣ್ಣಿಗೆ ಬಟ್ಟೆ, ಕಿವಿಗೆ ಸಾಹಿತ್ಯವಿಲ್ಲದ ಮೆಲುವಾದ ಸಂಗೀತ ಸಾಕು. ಹಿಂದಿನ ಸಲ ವಾಂತಿಯಾಗಿದ್ದರೆ ಮುಂದಿನ ಸಲ ಮುಂಚೆಯೇ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಕೊಡುತ್ತಾರೆ.

ಬಿಪಿಯ ಮೇಲಿನ ಅಂಕಿ ಹತ್ತರಿಂದ ಇಪ್ಪತ್ತರಷ್ಟು ಏರುವುದು ಸಾಮಾನ್ಯ, ಎದೆಬಡಿತವೂ ಹೆಚ್ಚುತ್ತದೆ. ಅದಕ್ಕೇ 140/90 ದಾಟಿದ್ದರೆ ಆ ದಿನ ಬೇಡವೆಂದು ಮುಂದೂಡುವ ವೈದ್ಯರು ಇದ್ದಾರೆ. ಬೇಸರಪಡಬೇಡಿ, ಅವರು ಮಾಡಿದ್ದು ಸರಿ. ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು, ರಕ್ತನಾಳದಲ್ಲಿ ಉಬ್ಬು, ಗರ್ಭ, ಇಲ್ಲದ ದನಿ ಕೇಳಿಸುವ ಕಾಯಿಲೆ, ಹಿಂದೆ ಚಟದ ತೊಂದರೆ, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಿ.

ಇನ್ನೊಂದು ಮಾತು. ಆ ನಲವತ್ತು ನಿಮಿಷದಲ್ಲಿ ಅದ್ಭುತವಾದದ್ದೇನೂ ಕಾಣಲಿಲ್ಲವೆಂದು ಚಿಕಿತ್ಸೆ ಸೋತಿತು ಅಂದುಕೊಳ್ಳಬೇಡಿ. ಕಂಡ ದೃಶ್ಯಗಳಿಂದಲ್ಲ, ಮರುದಿನದಿಂದ ನಿಮ್ಮ ನಿದ್ದೆ, ಹಸಿವು, ಎದ್ದು ಸ್ನಾನಕ್ಕೆ ಹೋಗುವ ಮನಸ್ಸು ಹೇಗಿವೆ ಎಂಬುದರಿಂದ ಅಳೆಯಬೇಕು.

ನಮ್ಮ ಯಜಮಾನರಿಗೆ ಮೊದಲ ಡ್ರಿಪ್ ಆದ ಮರುದಿನ ಅವರೇ ಎದ್ದು ಕಾಫಿ ಕೇಳಿದರು. ಮಕ್ಕಳ ಹತ್ತಿರ ಮಾತಾಡಿದರು. ಐದನೇ ದಿನ ಮತ್ತೆ ಮುಸುಕೆಳೆದು ಮಲಗಿದ್ದಾರೆ. ಎಲ್ಲ ವ್ಯರ್ಥವಾಯಿತೇ? (ಹಾಸನ)

ಇಲ್ಲಮ್ಮ, ವ್ಯರ್ಥವಾಗಿಲ್ಲ. ಈ ಔಷಧದ ಗುಣ ಕೆಲವು ಗಂಟೆಗಳಲ್ಲೇ ಶುರುವಾಗಿ ಸುಮಾರು ಇಪ್ಪತ್ನಾಲ್ಕು ಗಂಟೆಗೆ ಚೆನ್ನಾಗಿ ಕಾಣುತ್ತದೆ, ಒಂದೇ ಡ್ರಿಪ್ ಆದರೆ ಮೂರರಿಂದ ಏಳು ದಿನಕ್ಕೆ ಕರಗುತ್ತದೆ. ಅದಕ್ಕೇ ವಾರಕ್ಕೆ ಎರಡರಂತೆ ಎರಡರಿಂದ ನಾಲ್ಕು ವಾರ ಕೊಡುವುದು. ಅವರು ಒಮ್ಮೆ ಎದ್ದು ಕೂತರು ಎಂಬುದೇ ಔಷಧ ಒಗ್ಗಬಹುದೆಂಬ ಒಳ್ಳೆಯ ಸೂಚನೆ. ಮುಂದಿನ ಡ್ರಿಪ್ ಯಾವತ್ತೆಂದು ಇವತ್ತೇ ಫೋನ್ ಮಾಡಿ ಕೇಳಿ. ಮೊದಲಿನ ಮಾತ್ರೆಗಳನ್ನು ನಿಲ್ಲಿಸಬೇಡಿ. ಡ್ರಿಪ್ ಮುಗಿದ ಮೇಲೆ ಗುಣ ಉಳಿಸಿಕೊಳ್ಳಲು ಅವು ಬೇಕು.

ಆದರೆ ಈ ಇಳಿಜಾರಿನ ದಿನಗಳಲ್ಲಿ ನೀವು ಹತ್ತಿರವೇ ಇರಬೇಕು. ಒಂದು ದಿನ ಹಗುರಾಗಿ ಮತ್ತೆ ಕುಸಿದಾಗ ‘ಇದೂ ಕೈಕೊಟ್ಟಿತು’ ಎಂಬ ನಿರಾಶೆ ಖಿನ್ನತೆಗಿಂತ ಹರಿತವಾಗಿರುತ್ತದೆ. ‘ಮೊನ್ನೆ ಚೆನ್ನಾಗಿದ್ರಲ್ಲ, ಈಗೇನಾಯ್ತು’ ಎಂದು ಯಾರೂ ಕೇಳದ ಹಾಗೆ ನೋಡಿಕೊಳ್ಳಿ. ಸಾವಿನ ಮಾತು ಬಂದರೆ ಒಬ್ಬರನ್ನೇ ಬಿಡದೆ, ಮನೆಯಲ್ಲಿರುವ ಮಾತ್ರೆ, ಕೀಟನಾಶಕ ದೂರ ಇಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ ನಿದ್ದೆಯಿಲ್ಲದೆಯೂ ಲವಲವಿಕೆ, ತಡೆಯಿಲ್ಲದ ಮಾತು, ಕೈಮೀರಿದ ಖರ್ಚು ಕಂಡರೂ ತಕ್ಷಣ ತಿಳಿಸಿ.

ನಾಲ್ಕರಿಂದ ಆರು ಡ್ರಿಪ್ ಆದರೂ ಬದಲಾವಣೆ ಇಲ್ಲದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಅಮೆರಿಕದಲ್ಲಿ ಕೆಟಮಿನ್ ಮತ್ತು ವಿದ್ಯುತ್ ಚಿಕಿತ್ಸೆಯನ್ನು (ಅರಿವಳಿಕೆ ಕೊಟ್ಟು ಮಿದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಇಸಿಟಿ) ಹೋಲಿಸಿ ನಡೆಸಿದ ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಮೂರು ವಾರದಲ್ಲಿ ಕೆಟಮಿನ್ ಪಡೆದವರಲ್ಲಿ ಶೇ 55 ಮಂದಿಗೆ, ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ 41 ಮಂದಿಗೆ ಗುಣ ಕಂಡಿತು. ಭ್ರಮೆಗಳಿರುವ ಖಿನ್ನತೆಯವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅಂಥವರಿಗೆ, ಅನ್ನ ನೀರು ಬಿಟ್ಟವರಿಗೆ ವಿದ್ಯುತ್ ಚಿಕಿತ್ಸೆಯೇ ಮೇಲು. ಕೆಟಮಿನ್ ಒಗ್ಗದವರು ಹತ್ತಿರಹತ್ತಿರ ಅರ್ಧದಷ್ಟಿದ್ದಾರೆ, ಅದು ಅವರ ತಪ್ಪಲ್ಲ, ದಾರಿಗಳು ಮುಗಿದವೆಂದೂ ಅಲ್ಲ.

ರಾತ್ರಿ ಕ್ಲೋನಜೆಪಾಮ್ 0.5 ತೆಗೆದುಕೊಳ್ಳುತ್ತೇನೆ. ನಿಲ್ಲಿಸಬೇಕೆ? (ಶಿವಮೊಗ್ಗ)

ನೀವಾಗಿ ನಿಲ್ಲಿಸಬೇಡಿ, ಫಿಟ್ಸ್ ಬರುವ ಅಪಾಯವಿದೆ. ನಿದ್ದೆಗೆ, ಆತಂಕಕ್ಕೆ ಕೊಡುವ ಈ ಗುಂಪಿನ ಮಾತ್ರೆಗಳು ಕೆಟಮಿನ್‌ನ ಗುಣವನ್ನು ತಗ್ಗಿಸಬಹುದು ಎಂಬುದು ನಿಜ. ವೈದ್ಯರು ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಾರೆ.

ನಟ ಮ್ಯಾಥ್ಯೂ ಪೆರಿ ಕೆಟಮಿನ್‌ನಿಂದ ಸತ್ತರಲ್ಲ? ಚಟ ಹತ್ತುವುದಿಲ್ಲವೇ? ಮೂತ್ರಕೋಶ ಹಾಳಾಗುತ್ತದಂತೆ. (ಬೆಂಗಳೂರು)

ಪೆರಿ 2023ರ ಅಕ್ಟೋಬರ್‌ನಲ್ಲಿ ಮನೆಯ ಬಿಸಿನೀರಿನ ತೊಟ್ಟಿಯಲ್ಲಿ ತೀರಿಕೊಂಡರು. ಅವರ ರಕ್ತದಲ್ಲಿದ್ದದ್ದು ಆಪರೇಷನ್‌ಗೆ ಪ್ರಜ್ಞೆ ತಪ್ಪಿಸುವಷ್ಟು ಕೆಟಮಿನ್. ಖಿನ್ನತೆಗೆಂದು ಅವರು ಪಡೆದಿದ್ದ ಡ್ರಿಪ್ ಒಂದೂವರೆ ವಾರ ಹಿಂದಿನದು, ಅದು ಅಷ್ಟು ದಿನ ರಕ್ತದಲ್ಲಿ ಉಳಿಯುವುದಿಲ್ಲ. ಮೂತ್ರಕೋಶದ ಹಾನಿ ಹೆಚ್ಚಾಗಿ ಕಾಣುವುದು ಮತ್ತಿಗಾಗಿ ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಸೇವಿಸುವವರಲ್ಲಿ. ಹಾಗಿದ್ದರೂ ತಿಂಗಳಾನುಗಟ್ಟಲೆ ಚಿಕಿತ್ಸೆ ಮುಂದುವರಿದವರು ಉರಿಮೂತ್ರ, ಪದೇ ಪದೇ ಅವಸರ, ರಕ್ತ ಕಂಡರೆ ಹೇಳಲೇಬೇಕು. ಚಟದ ಅಪಾಯ ನಿಜವಾದದ್ದೇ. ನಮ್ಮಲ್ಲಿ ಇದು ಷೆಡ್ಯೂಲ್ ಎಕ್ಸ್ ಔಷಧ, ಚೀಟಿ ಎರಡು ಪ್ರತಿ ಬೇಕು, ಒಂದನ್ನು ಔಷಧ ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ‘ಸೀಸೆ ಕೊಡ್ತೀವಿ, ಮನೆಯಲ್ಲೇ ಹಾಕಿಸಿಕೊಳ್ಳಿ’ ಎನ್ನುವವರ ಹತ್ತಿರ ಹೋಗಬೇಡಿ.

ಇಲ್ಲಿ ವಿಡಿಯೋ ಕರೆಯಲ್ಲಿ ಮಾತಾಡಿ ಕೆಟಮಿನ್ ಚೀಪುವ ಮಾತ್ರೆಯನ್ನು ಅಂಚೆಯಲ್ಲಿ ಕಳಿಸುತ್ತಾರೆ. ಕ್ಲಿನಿಕ್‌ಗಿಂತ ಅಗ್ಗ. ತೆಗೆದುಕೊಳ್ಳಬಹುದೇ? (ನ್ಯೂಜೆರ್ಸಿ, ಅಮೆರಿಕ)

ಬೇಡ ಎಂಬುದೇ ನಮ್ಮ ಸಲಹೆ. ಬಾಯಿಯ ಮೂಲಕ ಹೋದದ್ದರಲ್ಲಿ ರಕ್ತಕ್ಕೆ ಸೇರುವುದು ಸ್ವಲ್ಪ ಭಾಗ ಮಾತ್ರ, ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಬಿಪಿ ಏರಿದರೆ, ಉಸಿರು ನಿಧಾನವಾದರೆ ನೋಡುವವರಿರುವುದಿಲ್ಲ. ಇಂಥ ಮಾತ್ರೆಗಳ ಬಗ್ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಅಕ್ಟೋಬರ್‌ನಲ್ಲೇ ಎಚ್ಚರಿಸಿದೆ. ಆ ಸಂಸ್ಥೆ 2019ರಲ್ಲಿ ಒಪ್ಪಿದ್ದು ಕೆಟಮಿನ್‌ನದೇ ಒಂದು ರೂಪವಾದ, ಮೂಗಿಗೆ ಸಿಂಪಡಿಸುವ ಎಸ್‌ಕೆಟಮಿನ್ ಅನ್ನು. ಒಂದು ಸಲಕ್ಕೆ 56 ಅಥವಾ 84 ಮಿಲಿಗ್ರಾಂ, ಕ್ಲಿನಿಕ್‌ನಲ್ಲಿ ಸಿಬ್ಬಂದಿಯ ಕಣ್ಣೆದುರೇ ತೆಗೆದುಕೊಂಡು ಕನಿಷ್ಠ ಎರಡು ಗಂಟೆ ಅಲ್ಲೇ ಇರಬೇಕು. ಖರ್ಚಿನ ಬಗ್ಗೆ ಆ ಕ್ಲಿನಿಕ್‌ನವರನ್ನೇ ಕೇಳಿ: ನಿಮ್ಮ ವಿಮೆಯಿಂದ ಮುಂಚಿತ ಅನುಮತಿ ಪಡೆಯಲು ಅವರೇ ಅರ್ಜಿ ಹಾಕುತ್ತಾರೆ. ಆಗ ಹಿಂದೆ ತೆಗೆದುಕೊಂಡ ಮಾತ್ರೆಗಳ ಪಟ್ಟಿಯನ್ನು ಕೇಳುತ್ತಾರೆ. ಊರಿನಲ್ಲಿದ್ದಾಗ ಬರೆಸಿಕೊಂಡ ಚೀಟಿಗಳೂ ಅದಕ್ಕೆ ಬೇಕಾಗಬಹುದು, ಮನೆಯವರಿಗೆ ಹೇಳಿ ಫೋಟೋ ತರಿಸಿಕೊಳ್ಳಿ.