ತಿಂಗಳ ಕಾರು ಮಾರಾಟದ ಅಂಕಿಗಳನ್ನು ಸೆಗ್ಮೆಂಟ್‌ವಾರು, ಕಂಪನಿವಾರು ಹೋಲಿಸುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ, ಬೇರೆಯವರು ಓದುವಾಗ ಅನುಕೂಲ. ಪ್ರತಿ ತಿಂಗಳ ಹೊಸ ಕಾರು ಮಾರಾಟವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಡುತ್ತಿದ್ದೀರಿ. ಒಂದೇ ಕಂಪನಿ, ಒಂದೇ ತಿಂಗಳು. ಆದರೂ ಒಂದು ಸುದ್ದಿಯಲ್ಲಿ ಏರಿಕೆ, ಇನ್ನೊಂದರಲ್ಲಿ ಇಳಿಕೆ. ಯಾರು ಸುಳ್ಳು ಹೇಳುತ್ತಿದ್ದಾರೆ, ಯಾವ ಸಂಖ್ಯೆ ಹಿಡಿದು ಹೋಲಿಸಬೇಕು ಅಂತ ಕೇಳಿದ್ದೀರಿ.

ಬಹುಶಃ ಯಾರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ 'ಮಾರಾಟ' ಅಂದಿದ್ದಾರೆ, ಆದರೆ ಎಣಿಸಿದ್ದು ಬೇರೆ ಬೇರೆ.

ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ನಾನು ಕೆಲವು ವರ್ಷ ಇದೇ ಹಾಳೆ ತುಂಬುವ ಕೆಲಸ ಮಾಡಿದ್ದೇನೆ. ಮೊದಲ ವರ್ಷವೇ ಎಡವಿದೆ. ಒಬ್ಬ ತಯಾರಕರ ಅಂಕಿ ಎರಡು ತಿಂಗಳು ಸತತವಾಗಿ ಇಳಿಯಿತು. 'ಬೇಡಿಕೆ ಕುಸಿದಿದೆ' ಅಂತ ದೊಡ್ಡದಾಗಿ ಬರೆದು ಕೊಟ್ಟೆ. ಬೇಡಿಕೆ ಎಲ್ಲಿಯೂ ಕುಸಿದಿರಲಿಲ್ಲ. ಡೀಲರ್‌ಗಳ ಯಾರ್ಡ್ ತುಂಬಿ ತುಳುಕುತ್ತಿತ್ತು, ಹಾಗಾಗಿ ಕಾರ್ಖಾನೆಯವರು ಹೊಸ ಗಾಡಿ ಕಳಿಸುವುದನ್ನು ಕಡಿಮೆ ಮಾಡಿದ್ದರು. ಗ್ರಾಹಕರು ಎಂದಿನಂತೆ ಕೊಳ್ಳುತ್ತಲೇ ಇದ್ದರು. ಯಾರ್ಡ್ ಖಾಲಿಯಾದ ಕೂಡಲೇ ಆರ್ಡರ್ ಒಮ್ಮೆಲೇ ಬಂತು. ನಮ್ಮ ಹತ್ತಿರ ಮಾಲಿಲ್ಲ! ಬೈಸಿಕೊಂಡಿದ್ದು ಇನ್ನೂ ನೆನಪಿದೆ.

ಒಂದು ಕಾರು ಮೂರು ಬಾಗಿಲು ದಾಟುತ್ತದೆ. ಕಾರ್ಖಾನೆಯಿಂದ ಡೀಲರ್‌ಗೆ ಹೊರಡುವುದು ಮೊದಲನೆಯದು, ಇದು ಡಿಸ್ಪ್ಯಾಚ್, ಅಂದರೆ ಸಗಟು. ಡೀಲರ್ ಗ್ರಾಹಕರ ಕೈಗೆ ಕೀ ಕೊಡುವುದು ಎರಡನೆಯದು, ಚಿಲ್ಲರೆ. ಸರ್ಕಾರಿ ದಾಖಲೆಯಲ್ಲಿ ನಂಬರ್ ಬೀಳುವುದು ಮೂರನೆಯದು, ನೋಂದಣಿ. ಮೂರೂ ಒಂದೇ ತಿಂಗಳಲ್ಲಿ ಆಗಬೇಕೆಂದೇನಿಲ್ಲ. ಭಾರತದಲ್ಲಿ ತಯಾರಕರ ಸಂಘವಾದ ಸಿಯಾಮ್ ಕೊಡುವುದು ಡಿಸ್ಪ್ಯಾಚ್ ಲೆಕ್ಕ. ಡೀಲರ್‌ಗಳ ಒಕ್ಕೂಟವಾದ ಫಾಡಾ ಕೊಡುವುದು 'ವಾಹನ್' ಎಂಬ ಸರ್ಕಾರಿ ದಾಖಲೆಯಿಂದ ತೆಗೆದ ನೋಂದಣಿ ಲೆಕ್ಕ. ಅದರಲ್ಲಿ ವರ್ಷಗಳ ಕಾಲ ತೆಲಂಗಾಣ ಸೇರಿರಲಿಲ್ಲ ಅನ್ನುವುದು ಅಡಿಟಿಪ್ಪಣಿಯಲ್ಲಿ ಮಾತ್ರ ಇರುತ್ತಿತ್ತು. ಚೀನಾದಲ್ಲೂ ಹೀಗೇ: ಒಂದು ಸಂಘದ ಮುಖ್ಯ ಅಂಕಿ ಸಗಟಿನದು, ಇನ್ನೊಂದರದು ಚಿಲ್ಲರೆಯದು. ಬ್ರಿಟನ್, ಜರ್ಮನಿಗಳಲ್ಲಿ ಪ್ರಕಟವಾಗುವುದು ನೋಂದಣಿ. ಅಮೆರಿಕದಲ್ಲಿ ಕಂಪನಿಗಳು ತಾವೇ ವರದಿ ಮಾಡುತ್ತವೆ. ಈ ಐದು ದೇಶದ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಏನಾಗುತ್ತದೆ ಅಂತ ನೀವೇ ಊಹಿಸಿ.

ಆದರೆ ಡಿಸ್ಪ್ಯಾಚ್ ಮತ್ತು ನೋಂದಣಿ ಎರಡೂ ಒಂದೇ ಹಾಳೆಯಲ್ಲಿದ್ದರೆ ಅದೊಂದು ವರ. ಸುಮ್ನೆ ಒಂದು ಉದಾಹರಣೆ ಹಾಕೋಣ. ತಿಂಗಳ ಆರಂಭದಲ್ಲಿ ಡೀಲರ್‌ಗಳ ಬಳಿ 12,000 ಗಾಡಿ ಇದ್ದವು. ಕಂಪನಿ 20,000 ಕಳಿಸಿತು. ನೋಂದಣಿ ಆಗಿದ್ದು 16,000. ಯಾರ್ಡ್‌ನಲ್ಲಿ ಈಗ 16,000 ನಿಂತಿವೆ, ಸರಿಯಾಗಿ ಒಂದು ತಿಂಗಳ ಸ್ಟಾಕ್. ಕಂಪನಿಯ ಪ್ರಕಟಣೆಯಲ್ಲಿ ಇದು 20,000ದ ಭರ್ಜರಿ ತಿಂಗಳು. ಹೀಗೇ ಇನ್ನೂ ಎರಡು ತಿಂಗಳು ನಡೆದರೆ ರಿಯಾಯಿತಿ ಶುರುವಾಗುತ್ತದೆ, ಆಮೇಲೆ ಡಿಸ್ಪ್ಯಾಚ್ ಕುಸಿಯುತ್ತದೆ. ನಾನು ಮೊದಲು ನೋಡುವುದೇ ಈ ಎರಡರ ನಡುವಿನ ಅಂತರ.

ಹಾಗಂತ ನೋಂದಣಿಯನ್ನೂ ಕಣ್ಣು ಮುಚ್ಚಿ ನಂಬಬೇಡಿ. ತಿಂಗಳ ಕೊನೆಯ ಗುರಿ ಮುಟ್ಟಲು ಡೀಲರ್‌ಗಳು ತಮ್ಮ ಹೆಸರಿಗೇ ಗಾಡಿ ನೋಂದಾಯಿಸಿ, ಆಮೇಲೆ ಅದನ್ನು 'ಓಡಿಸದ ಹಳೇ ಗಾಡಿ' ಅಂತ ಮಾರುವುದುಂಟು. ಜರ್ಮನಿಯಲ್ಲಿ ಇದು ಹಳೆಯ ಪದ್ಧತಿ. ಚೀನಾದಲ್ಲಿ ಇಂಥ ಶೂನ್ಯ ಕಿಲೋಮೀಟರ್ ಕಾರುಗಳ ಬಗ್ಗೆ 2025ರಲ್ಲಿ ದೊಡ್ಡ ಗಲಾಟೆಯೇ ಆಯಿತು. ಕಂಪನಿಗಳ ಸ್ವಂತ ವರದಿಯ ಕಥೆ ಇನ್ನೂ ಸ್ವಾರಸ್ಯವಾಗಿದೆ. ಫಿಯಟ್ ಕ್ರೈಸ್ಲರ್ ಅಮೆರಿಕದಲ್ಲಿ ವರ್ಷಗಟ್ಟಲೆ 'ಪ್ರತಿ ತಿಂಗಳೂ ಹಿಂದಿನ ವರ್ಷಕ್ಕಿಂತ ಜಾಸ್ತಿ' ಅಂತ ಹೇಳಿಕೊಂಡಿತ್ತು. ಅಲ್ಲಿನ ಷೇರು ನಿಯಂತ್ರಕರು ತನಿಖೆ ಮಾಡಿದಾಗ, ಆ ಸರಣಿ 2013ರ ಸೆಪ್ಟೆಂಬರ್‌ನಲ್ಲೇ ಮುರಿದಿತ್ತು ಅನ್ನುವುದು ಹೊರಬಿತ್ತು. ಚೆನ್ನಾಗಿ ನಡೆದ ತಿಂಗಳುಗಳ ಕೆಲವು ಮಾರಾಟಗಳನ್ನು ವರದಿ ಮಾಡದೆ ಎತ್ತಿಟ್ಟುಕೊಂಡು, ಕೊರತೆಯ ತಿಂಗಳಲ್ಲಿ ಹೊರಗೆ ತೆಗೆಯುತ್ತಿದ್ದರಂತೆ. 2019ರಲ್ಲಿ 4 ಕೋಟಿ ಡಾಲರ್ ದಂಡ ಬಿತ್ತು. ಮರುವರ್ಷ ಇಂಥದೇ ವಿಷಯಕ್ಕೆ ಬಿಎಂಡಬ್ಲ್ಯು 1.8 ಕೋಟಿ ಡಾಲರ್ ಕಟ್ಟಿತು.

ಇನ್ನು ಸೆಗ್ಮೆಂಟ್, ಅಂದರೆ ಸಣ್ಣ ಕಾರು, ಎಸ್‌ಯುವಿ ಹೀಗೆ ಕಾರುಗಳನ್ನು ವಿಂಗಡಿಸುವ ವರ್ಗ. ಇಲ್ಲಿ ಜನ ಮಾಡುವ ತಪ್ಪು ಒಂದೇ: ಬೇರೆಯವರು ಮಾಡಿದ ವಿಂಗಡಣೆಯನ್ನು ಹಾಗೇ ಎತ್ತಿಕೊಳ್ಳುವುದು. ಸೆಗ್ಮೆಂಟ್ ಅನ್ನುವುದು ಯಾರೋ ತಮ್ಮ ಅನುಕೂಲಕ್ಕೆ ಎಳೆದ ಗೆರೆ. ಕ್ರೈಸ್ಲರ್‌ನ ಪಿಟಿ ಕ್ರೂಸರ್ ನೋಡಲು ಹ್ಯಾಚ್‌ಬ್ಯಾಕ್ (ಹಿಂದೆ ಡಿಕ್ಕಿ ಚಾಚಿರದ ಕಾರು), ಆದರೆ ಅಮೆರಿಕದ ಇಂಧನ ಮಿತಿ ನಿಯಮದಲ್ಲಿ ಅದು ಟ್ರಕ್! ಮಾರುತಿಯ ಫ್ರಾಂಕ್ಸ್ ಹುಟ್ಟಿದ್ದು ಅದರದೇ ಹ್ಯಾಚ್‌ಬ್ಯಾಕ್ ಆದ ಬಲೆನೊದ ಬುನಾದಿಯ ಮೇಲೆ. ಆದರೂ ಫ್ರಾಂಕ್ಸನ್ನು ಯುಟಿಲಿಟಿ ವಾಹನಗಳ (ಎಸ್‌ಯುವಿ ಮೊದಲಾದವು) ಜೊತೆ, ಬಲೆನೊವನ್ನು ಕಾಂಪ್ಯಾಕ್ಟ್ ಕಾರುಗಳ ಜೊತೆ ಎಣಿಸುತ್ತಾರೆ. 'ಎಸ್‌ಯುವಿ ಹ್ಯಾಚ್‌ಬ್ಯಾಕನ್ನು ನುಂಗಿತು' ಅನ್ನುವ ತಲೆಬರಹದಲ್ಲಿ ಒಂದಷ್ಟು ಪಾಲು ಹೀಗೆ ಹೆಸರು ಬದಲಾಯಿಸಿಕೊಂಡ ಹ್ಯಾಚ್‌ಬ್ಯಾಕ್‌ಗಳದ್ದೇ.

ಜಪಾನಿನ ಕಥೆ ಕೇಳಿ. ಅಲ್ಲಿ 660 ಸಿಸಿ ಒಳಗಿನ ಪುಟ್ಟ ಕೇ ಕಾರುಗಳ ಲೆಕ್ಕ ಒಂದು ಸಂಘದ್ದು, ಉಳಿದ ಕಾರುಗಳದ್ದು ಇನ್ನೊಂದು ಸಂಘದ್ದು. 2023ರಲ್ಲಿ ಎರಡನೇ ಪಟ್ಟಿ ನೋಡಿದವರು 'ಟೊಯೋಟಾ ಯಾರಿಸ್ ನಂಬರ್ ಒನ್' ಅಂದರು. ಎರಡೂ ಪಟ್ಟಿ ಸೇರಿಸಿದವರಿಗೆ ನಂಬರ್ ಒನ್ ಹೋಂಡಾ ಎನ್-ಬಾಕ್ಸ್. ಅದು 2 ಲಕ್ಷ ದಾಟಿತ್ತು, ಯಾರಿಸ್ ದಾಟಿರಲಿಲ್ಲ. ಇನ್ನೊಂದು ಸೂಕ್ಷ್ಮ ಇದೆ. ಆ ಪಟ್ಟಿಯ 'ಯಾರಿಸ್' ಒಳಗೆ ಯಾರಿಸ್ ಕ್ರಾಸ್ ಅನ್ನುವ ಎಸ್‌ಯುವಿಯೂ ಸೇರಿದೆ. ಅಮೆರಿಕದಲ್ಲಿ ಫೋರ್ಡ್ ಎಫ್-ಸೀರೀಸ್ ಪಿಕಪ್ ಅಂದರೆ ಎಫ್-150 ಒಂದೇ ಅಲ್ಲ, ಅದಕ್ಕಿಂತ ದೊಡ್ಡ ಸೂಪರ್ ಡ್ಯೂಟಿ ಗಾಡಿಗಳೂ ಅದರಲ್ಲೇ ಇವೆ. ಒಬ್ಬನೇ ಓಡುತ್ತಿದ್ದಾನೋ, ಇಡೀ ಮನೆಯವರು ಸೇರಿ ಓಡುತ್ತಿದ್ದಾರೋ ನೋಡದೆ ಪದಕ ಕೊಟ್ಟ ಹಾಗೆ, ಅಲ್ವಾ?

ಆದ್ದರಿಂದ ವಿಂಗಡಣೆ ನಿಮ್ಮದೇ ಇರಲಿ. ಒಂದೊಂದು ಮಾಡೆಲ್‌ಗೆ ಒಂದು ಸಾಲು. ಉದ್ದ, ಬಾಡಿಯ ಬಗೆ, ಇಂಧನ, ಇವು ಬೇರೆ ಬೇರೆ ಕಾಲಮ್. ಎಲೆಕ್ಟ್ರಿಕ್ ಅನ್ನುವುದನ್ನು ಸೆಗ್ಮೆಂಟ್ ಮಾಡಬೇಡಿ, ಅದು ಇಂಧನದ ಕಾಲಮ್. ಇಲ್ಲದಿದ್ದರೆ ಎಲೆಕ್ಟ್ರಿಕ್ ಎಸ್‌ಯುವಿಯನ್ನು ಒಂದೋ ಎರಡು ಸಲ ಎಣಿಸುತ್ತೀರಿ, ಇಲ್ಲವೇ ಒಂದು ಸಲವೂ ಎಣಿಸುವುದಿಲ್ಲ. ಗೆರೆ ಒಮ್ಮೆ ಎಳೆದ ಮೇಲೆ ಮಧ್ಯದಲ್ಲಿ ಬದಲಾಯಿಸಬಾರದು. ಬದಲಾಯಿಸಲೇಬೇಕಾದರೆ ಹಿಂದಿನ ತಿಂಗಳುಗಳನ್ನೂ ಅದೇ ಗೆರೆಗೆ ತಂದುಕೊಳ್ಳಿ.

ಕಂಪನಿ ಅನ್ನುವುದೂ ಅಷ್ಟು ನೇರವಲ್ಲ. ಬ್ರ್ಯಾಂಡ್ ಎಣಿಸುತ್ತೀರೋ, ಗುಂಪು ಎಣಿಸುತ್ತೀರೋ? ಆಡಿ, ಸ್ಕೋಡಾಗಳನ್ನು ಫೋಕ್ಸ್‌ವ್ಯಾಗನ್ ಜೊತೆ ಕೂಡುತ್ತೀರಾ? ಫಿಯಟ್ ಕ್ರೈಸ್ಲರ್ ಮತ್ತು ಪಿಎಸ್‌ಎ ಎಂಬ ಎರಡು ಗುಂಪುಗಳು ಸೇರಿ ಸ್ಟೆಲ್ಲಾಂಟಿಸ್ ಹುಟ್ಟಿದ್ದೇ 2021ರ ಜನವರಿಯಲ್ಲಿ. ಅದಕ್ಕೂ ಹಿಂದಿನ ಅಂಕಿ ಬೇಕಾದರೆ ಆ ಎರಡು ಹಳೆಯ ಗುಂಪುಗಳನ್ನು ನೀವೇ ಕೂಡಬೇಕು. ಒಬ್ಬರು ತಯಾರಿಸಿ ಇನ್ನೊಬ್ಬರ ಹೆಸರಲ್ಲಿ ಮಾರುವ ಗಾಡಿಗಳೂ ಇವೆ. ಮಾರುತಿಯ ತಿಂಗಳ ಪ್ರಕಟಣೆಯಲ್ಲಿ ಬೇರೆ ತಯಾರಕರಿಗೆ ಕೊಟ್ಟ ಗಾಡಿಗಳದ್ದೇ ಒಂದು ಸಾಲು, ರಫ್ತಿನದು ಇನ್ನೊಂದು ಸಾಲು. ತಲೆಬರಹದ ಒಟ್ಟು ಸಂಖ್ಯೆಯಲ್ಲಿ ಇವೆಲ್ಲ ಕೂಡಿರುತ್ತವೆ. ಮಾರುಕಟ್ಟೆ ಪಾಲು ತೆಗೆಯುವಾಗ ದೇಶದೊಳಗಿನ ಸಂಖ್ಯೆ ಮಾತ್ರ ತೆಗೆದುಕೊಳ್ಳಿ.

ಈಗ ನಿಮ್ಮ ಹಾಳೆಯ ನಿಜವಾದ ಉಪಯೋಗಕ್ಕೆ ಬರುತ್ತೇನೆ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಒಂದು ಮಾರುಕಟ್ಟೆಯಲ್ಲಿ ಎರಡೇ ಸೆಗ್ಮೆಂಟ್ ಇವೆ ಅಂದುಕೊಳ್ಳಿ: ಸಣ್ಣ ಕಾರು ಮತ್ತು ಎಸ್‌ಯುವಿ. ನೂರಕ್ಕೆ 50 ಅದು, 50 ಇದು. ನಮ್ಮ ಕಂಪನಿಗೆ ಸಣ್ಣ ಕಾರಿನಲ್ಲಿ ಶೇ. 40 ಪಾಲು, ಎಸ್‌ಯುವಿಯಲ್ಲಿ ಶೇ. 10. ಅಂದರೆ 20 ಮತ್ತು 5, ಒಟ್ಟು ಪಾಲು ಶೇ. 25. ಮರುವರ್ಷ ಜನರ ಮನಸ್ಸು ಎಸ್‌ಯುವಿ ಕಡೆ ವಾಲಿತು. ಸಣ್ಣ ಕಾರು 40, ಎಸ್‌ಯುವಿ 60. ನಮ್ಮ ಕಂಪನಿ ಎರಡರಲ್ಲೂ ಒಂದಿಂಚೂ ಬಿಟ್ಟುಕೊಟ್ಟಿಲ್ಲ. ಅದೇ ಶೇ. 40, ಅದೇ ಶೇ. 10. ಲೆಕ್ಕ ಹಾಕಿ: 16 ಮತ್ತು 6, ಒಟ್ಟು ಶೇ. 22. ಯಾವ ಎದುರಾಳಿಗೂ ಸೋಲದೆ ಮೂರು ಅಂಶ ಕಳೆದುಕೊಂಡಿತು!

ಸುದ್ದಿಯಲ್ಲಿ ಇದು 'ಪಾಲು ಕುಸಿತ, ಸ್ಪರ್ಧೆಯ ಬಿಸಿ' ಅಂತ ಬರುತ್ತದೆ. ಮಾರಾಟ ವಿಭಾಗದವರಿಗೆ ಒದೆ ಬೀಳುತ್ತದೆ. ಪಾಪ, ಅವರದೇನೂ ತಪ್ಪಿಲ್ಲ. ಯಾವ ಸೆಗ್ಮೆಂಟ್‌ಗೆ ಗಾಡಿ ಮಾಡಬೇಕು ಅಂತ ಐದು ವರ್ಷದ ಹಿಂದೆ ನಿರ್ಧಾರ ಮಾಡಿದವರನ್ನು ಕೇಳಬೇಕು. ಹಾಗಾಗಿ ಪಾಲು ಬದಲಾದಾಗಲೆಲ್ಲ ಅದನ್ನು ಎರಡಾಗಿ ಒಡೆಯಿರಿ. ಮೊದಲು, ಸೆಗ್ಮೆಂಟ್ ಒಳಗಿನ ಪಾಲು ಹಳೆಯದೇ ಉಳಿದಿದ್ದರೆ ಒಟ್ಟು ಎಷ್ಟಾಗುತ್ತಿತ್ತು ಅಂತ ಲೆಕ್ಕ ಹಾಕಿ. ಹಳೆಯ ಒಟ್ಟು ಪಾಲಿಗೂ ಅದಕ್ಕೂ ಇರುವ ವ್ಯತ್ಯಾಸ ಮಾರುಕಟ್ಟೆ ವಾಲಿದ್ದರ ಫಲ. ಅದಕ್ಕೂ ಈಗಿನ ಪಾಲಿಗೂ ಇರುವ ವ್ಯತ್ಯಾಸ ಕಂಪನಿಯ ಸ್ವಂತ ಗೆಲುವು ಸೋಲು. ಎಕ್ಸೆಲ್‌ನಲ್ಲಿ ಎರಡು ಕಾಲಮ್ ಸಾಕು.

ಸಮಯದ ಹೋಲಿಕೆಯಲ್ಲಿ ಹಿಂದಿನ ತಿಂಗಳ ಜೊತೆ ಹೋಲಿಸುವುದನ್ನು ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಬ್ರಿಟನ್‌ನಲ್ಲಿ ಕಾರಿನ ವಯಸ್ಸು ತೋರಿಸುವ ನಂಬರ್ ಪ್ಲೇಟಿನ ಸಂಕೇತ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಬದಲಾಗುತ್ತದೆ. ಜನ ಹೊಸ ಪ್ಲೇಟಿಗಾಗಿ ಕಾಯುತ್ತಾರೆ, ಫೆಬ್ರವರಿ ಬಣಗುಡುತ್ತದೆ. ಫೆಬ್ರವರಿಯಿಂದ ಮಾರ್ಚ್‌ಗೆ ಆಗುವ ಜಿಗಿತದಲ್ಲಿ ಸುದ್ದಿಯೇನೂ ಇಲ್ಲ. ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸುವುದು ವಾಸಿ, ಆದರೂ ಅಲ್ಲೂ ಬಲೆಗಳಿವೆ. ಚೀನೀ ಹೊಸ ವರ್ಷದ ರಜೆ ಒಮ್ಮೆ ಜನವರಿಯಲ್ಲಿ, ಒಮ್ಮೆ ಫೆಬ್ರವರಿಯಲ್ಲಿ ಬರುತ್ತದೆ. ಅದಕ್ಕೇ ಅಲ್ಲಿನ ಅಂಕಿ ನೋಡುವವರು ಎರಡೂ ತಿಂಗಳನ್ನು ಕೂಡಿಸಿಯೇ ನೋಡುತ್ತಾರೆ.

ಬುನಾದಿ ವರ್ಷವೇ ಕೆಟ್ಟಿದ್ದರಂತೂ ಕೇಳಲೇಬೇಡಿ. 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್‌ನಿಂದಾಗಿ ಬ್ರಿಟನ್‌ನಲ್ಲಿ ನೋಂದಣಿಯಾದ ಹೊಸ ಕಾರು ಬರೀ 4,321. ಮರುವರ್ಷದ ಏಪ್ರಿಲ್‌ನಲ್ಲಿ 1,41,583. ಬೆಳವಣಿಗೆ ಶೇ. 3,000ಕ್ಕೂ ಜಾಸ್ತಿ! ಆದರೆ 2019ರ ಏಪ್ರಿಲ್‌ನ 1,61,064ಕ್ಕೆ ಹೋಲಿಸಿದರೆ ಅದು ಶೇ. 12ರಷ್ಟು ಇಳಿಕೆ. ಅದೇ 2020ರ ಏಪ್ರಿಲ್‌ನಲ್ಲಿ ಮಾರುತಿಯ ದೇಶೀಯ ಮಾರಾಟ ಸೊನ್ನೆ. ಸೊನ್ನೆಯಿಂದ ಭಾಗಿಸಿ ಶೇಕಡಾ ಹೇಳುವುದಾದರೂ ಹೇಗೆ?

ಸರ್ಕಾರದ ನಿಯಮ ಬದಲಾಗುವ ತಿಂಗಳುಗಳನ್ನೂ ಗುರುತು ಹಾಕಿಕೊಳ್ಳಿ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ಎಲೆಕ್ಟ್ರಿಕ್ ಕಾರಿನ ಸಹಾಯಧನ ಕಡಿಮೆಯಾಗುವುದಿತ್ತು. ಡಿಸೆಂಬರ್‌ನಲ್ಲೇ ಜನ ಮುಗಿಬಿದ್ದರು, 1,04,325 ಎಲೆಕ್ಟ್ರಿಕ್ ಕಾರು ನೋಂದಣಿಯಾದವು. ಜನವರಿಯಲ್ಲಿ 18,136. ಡಿಸೆಂಬರ್ ನೋಡಿ ಕುಣಿದವರೂ ತಪ್ಪು, ಜನವರಿ ನೋಡಿ ಅತ್ತವರೂ ತಪ್ಪು.

ಹಡಗಿನಿಂದಲೂ ಹೀಗಾಗುತ್ತದೆ. 2019ರ ಮಾರ್ಚ್‌ನಲ್ಲಿ ನಾರ್ವೆಯಲ್ಲಿ ಟೆಸ್ಲಾ ಮಾಡೆಲ್ 3 ನೋಂದಣಿ 5,000 ದಾಟಿತು, ಏಪ್ರಿಲ್‌ನಲ್ಲಿ ಸಾವಿರವನ್ನೂ ಮುಟ್ಟಲಿಲ್ಲ. ಕಾರು ತುಂಬಿದ ಹಡಗು ಯಾವಾಗ ಬಂತು ಅನ್ನುವುದೇ ಅಲ್ಲಿನ ಲೆಕ್ಕ ತೀರ್ಮಾನಿಸಿತು, ಕೊಳ್ಳುವವರಲ್ಲ. ಟೆಸ್ಲಾ ತನ್ನ ಜಾಗತಿಕ ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಮಾತ್ರ ಕೊಡುತ್ತದೆ. 30 ದಿನದ ಅಂಕಿಯಲ್ಲಿ ಗದ್ದಲ ಜಾಸ್ತಿ ಅಂತ ಹೇಳಿ ಜನರಲ್ ಮೋಟಾರ್ಸ್ ಕೂಡ 2018ರಲ್ಲಿ ಅಮೆರಿಕದಲ್ಲಿ ತಿಂಗಳ ವರದಿ ನಿಲ್ಲಿಸಿತು. ಮಾತು ನಿಜವೇ. ನಮ್ಮಂಥ ಹಾಳೆ ತುಂಬುವವರಿಗೆ ಮಾತ್ರ ಒಂದು ಸಾಲು ಖಾಲಿ ಬಿತ್ತು.

ಕೊನೆಗೆ 'ಯಾರು ಮುಂದಿದ್ದಾರೆ ಅಂತ ಹೇಳೋಕೆ ಒಂದೇ ಸಂಖ್ಯೆ ಬೇಕು ಅಂದರೆ?' ಅಂತಲೂ ಕೇಳಿದ್ದೀರಿ. ನಾನು ಆರಿಸುವುದು ಕಳೆದ 12 ತಿಂಗಳ ನೋಂದಣಿಯ ಮೊತ್ತದಲ್ಲಿ, ಒಂದೊಂದು ಸೆಗ್ಮೆಂಟ್ ಒಳಗಿನ ಪಾಲು. ಪ್ರತಿ ತಿಂಗಳೂ ಹೊಸ ತಿಂಗಳು ಸೇರಿಸಿ, ಹಳೆಯದೊಂದನ್ನು ಬಿಡುತ್ತಾ ಹೋಗಿ. ಹಬ್ಬ, ನಂಬರ್ ಪ್ಲೇಟು, ಹಡಗು, ಎಲ್ಲವೂ ಅದರಲ್ಲಿ ಕರಗಿಹೋಗುತ್ತವೆ. ಹೊಸ ಮಾಡೆಲ್ ಬಂದಾಗ ಮಾತ್ರ ಇದು ನಿಧಾನವಾಗಿ ಏಳುತ್ತದೆ, ಅಂಥ ಕಡೆ ಮೂರು ತಿಂಗಳ ಸರಾಸರಿಯನ್ನು ಪಕ್ಕದಲ್ಲಿಡಿ. ಮತ್ತೆ, ಪ್ರತಿ ತಿಂಗಳ ಎದುರು 'ಏನಾಯ್ತು' ಅನ್ನುವ ಕಾಲಮ್ ಒಂದಿರಲಿ. ಸ್ಟಾಕ್ ಏರಿತು, ತೆರಿಗೆ ಬದಲಾಯಿತು, ಕಾರ್ಖಾನೆ ಮುಚ್ಚಿತ್ತು, ಹೀಗೆ ನಾಲ್ಕು ಪದ. ಅಂಕಿಗಳು ಆಮೇಲೆ ಎಲ್ಲಾದರೂ ಸಿಗುತ್ತವೆ, ಇದು ಸಿಗುವುದಿಲ್ಲ. ನನ್ನ ಹಾಳೆಯಲ್ಲಿ ಆ ಕಾಲಮ್ ಶುರುವಾಗಿದ್ದು ಬೈಸಿಕೊಂಡ ಮರುದಿನದಿಂದ.