ಸೆಲ್ಫ್ ಒತ್ತಿದರೆ ಬರೀ ‘ಟಕ್ ಟಕ್’: ವೈರಿಂಗ್ ಬದಲಾಯಿಸಬೇಕಾ?

ಪ್ರಶ್ನೆ: ನನ್ನದು ಎಫ್‌ಐ (ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಚಿಮ್ಮಿಸುವ) ಸ್ಕೂಟರ್. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಸದ್ದು ಬರುತ್ತದೆ, ಎಂಜಿನ್ ತಿರುಗುವುದಿಲ್ಲ. ಮೀಟರ್‌ನ ಗಡಿಯಾರವೂ ಸೊನ್ನೆಗೆ ಬರುತ್ತದೆ. ಹಾರ್ನ್ ಮೆತ್ತಗಾಗಿದೆ. ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ವೈರಿಂಗ್ ಪೂರ್ತಿ ಬದಲಾಯಿಸಿ ಅಂತಾರೆ. ಏನು ಮಾಡಲಿ?

ಉತ್ತರ: ವೈರಿಂಗ್‌ಗೆ ಈಗಲೇ ಕೈ ಹಾಕಿಸಬೇಡಿ. ಇಷ್ಟೂ ತೊಂದರೆ ಒಟ್ಟಿಗೆ ಬಂದಿದೆ ಅಂದರೆ ಮೊದಲ ಅನುಮಾನ ಬ್ಯಾಟರಿ ಮೇಲೆ. ಆ ‘ಟಕ್’ ಸ್ಟಾರ್ಟರ್ ರಿಲೇಯದು, ಅಂದರೆ ಎಂಜಿನ್ ತಿರುಗಿಸುವ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್‌ನದು. ರಿಲೇ ಎಳೆದುಕೊಂಡ ಕೂಡಲೇ ಮೋಟರ್ ಜಾಸ್ತಿ ಕರೆಂಟ್ ಕೇಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಟ್ಟುಬಿಡುತ್ತದೆ. ಗಡಿಯಾರ ಸೊನ್ನೆಗೆ ಬರುವುದೂ ಅದಕ್ಕೇ. ಕಿಕ್ ವಿಷಯವೂ ಅಷ್ಟೇ: ಎಫ್‌ಐ ಗಾಡಿಯ ಪೆಟ್ರೋಲ್ ಪಂಪ್‌ಗೂ ಇಸಿಯುಗೂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕರೆಂಟ್ ಬೇಕೇ ಬೇಕು.

ಆದರೆ ಸುಮ್ನೆ ಹೊಸ ಬ್ಯಾಟರಿ ತರಬೇಡಿ. ಮೊದಲು ಬ್ಯಾಟರಿಗೆ ವೈರ್ ಕೂಡುವ ಟರ್ಮಿನಲ್ ನೋಡಿ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ? ಬೋಲ್ಟ್ ಸಡಿಲವಾಗಿದೆಯಾ? ಕೀ ಆಫ್ ಮಾಡಿ, ಮೈನಸ್ ವೈರ್ ಮೊದಲು ಬಿಚ್ಚಿ. ಉಜ್ಜಿ ಸ್ವಚ್ಛ ಮಾಡಿ, ಪ್ಲಸ್ ಮೊದಲು ಹಾಕಿ ಬಿಗಿ ಮಾಡಿ. ಎಷ್ಟೋ ಗಾಡಿ ಇಷ್ಟಕ್ಕೇ ಸರಿಹೋಗುತ್ತವೆ.

ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಬಂದರೆ ಚಾರ್ಜ್ ಚೆನ್ನಾಗಿದೆ. 12ಕ್ಕಿಂತ ಕಡಿಮೆ ಇದ್ದರೆ ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿಸಿ. ನಿಜವಾದ ಪರೀಕ್ಷೆ ಮುಂದಿನದು. ಮಲ್ಟಿಮೀಟರ್ ಕಡ್ಡಿಗಳನ್ನು ಬ್ಯಾಟರಿಗೇ ಒತ್ತಿಹಿಡಿದು ಸೆಲ್ಫ್ ಒತ್ತಿಸಿ. ಪೂರ್ತಿ ಚಾರ್ಜ್ ಆದ ಮೇಲೂ 12.6 ಇದ್ದದ್ದು 8ಕ್ಕೋ 7ಕ್ಕೋ ಬಿದ್ದರೆ ಬ್ಯಾಟರಿ ಒಳಗೇ ಸೋತಿದೆ, ಬದಲಾಯಿಸಿ. 11ರ ಹತ್ತಿರ ನಿಂತೂ ಮೋಟರ್ ತಿರುಗದಿದ್ದರೆ ಬ್ಯಾಟರಿ ತಪ್ಪಿಲ್ಲ. ಎಂಜಿನ್ನಿಗೆ ಬರುವ ಅರ್ತ್ ವೈರ್, ರಿಲೇ, ಮೋಟರ್‌ನ ಬ್ರಷ್ ನೋಡಿಸಿ.

ಸ್ಟಾರ್ಟ್ ಆದ ಮೇಲೆ ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಇನ್ನೊಮ್ಮೆ ಅಳೆಯಿರಿ. ಸಾಮಾನ್ಯವಾಗಿ 13.5ರಿಂದ 14.8 ಬರಬೇಕು. ಏರದೇ ಇದ್ದರೆ ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್ ಅಥವಾ ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್ ಕೆಟ್ಟಿರಬಹುದು. ಅದನ್ನು ಹಾಗೇ ಬಿಟ್ಟರೆ ಹೊಸ ಬ್ಯಾಟರಿಯೂ ಬೇಗ ಮಲಗುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ ಯಾರಿಗೂ ಪರೀಕ್ಷೆ ಮಾಡಲು ಬಿಡಬೇಡಿ. ವೋಲ್ಟೇಜ್ ಏಕಾಏಕಿ ಚಿಮ್ಮಿ ಇಸಿಯು ಸುಟ್ಟುಹೋಗಬಹುದು.

ಇದೆಲ್ಲ ಸರಿಯಿದ್ದೂ ರಾತ್ರಿ ಕಳೆಯುವಷ್ಟರಲ್ಲಿ ಚಾರ್ಜ್ ಇಳಿಯುತ್ತಿದ್ದರೆ, ನೀವು ಆಮೇಲೆ ಹಾಕಿಸಿದ ಅಲಾರಂ, ಮೊಬೈಲ್ ಚಾರ್ಜರ್‌ಗಳ ವೈರ್ ಒಂದೊಂದಾಗಿ ಬಿಚ್ಚಿ ನೋಡಿ.