3, 4 ಐರನ್ ತೆಗೆದ ಜಾಗಕ್ಕೆ ಯಾವ ಕ್ಲಬ್? ಮೊದಲು ಕ್ಯಾರಿ ನೋಡಿ

ಸರ್, ನಮಸ್ಕಾರ. ನೀವು ಬರೆದದ್ದರಲ್ಲಿ ಮುಖ್ಯವಾದದ್ದು ಇಷ್ಟು. ನಿಮ್ಮದು ಹಳೆಯ ಗಾಲ್ಫ್ ಸೆಟ್, 3ರಿಂದ ಪಿಚಿಂಗ್ ವೆಜ್‌ವರೆಗೆ (ಹತ್ತಿರದ ಹೊಡೆತದ ಕ್ಲಬ್) ಐರನ್‌ಗಳಿವೆ, ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್‌ಗಳು, ನಂಬರ್ ಸಣ್ಣದಾದಷ್ಟೂ ದೂರಕ್ಕೆ. ಹ್ಯಾಂಡಿಕ್ಯಾಪ್ 20 (ಸಾಮಾನ್ಯ ಹವ್ಯಾಸಿ ಮಟ್ಟ), ಬಲಗೈ ಆಟ. 7 ಐರನ್ ಸುಮಾರು 135 ಯಾರ್ಡ್ ಕ್ಯಾರಿ ಆಗುತ್ತದೆ, ಅಂದರೆ ಚೆಂಡು ಗಾಳಿಯಲ್ಲೇ ಅಷ್ಟು ದೂರ ಹೋಗಿ ಬೀಳುತ್ತದೆ. 3 ಮತ್ತು 4 ಐರನ್ ಹಿಡಿದರೆ ಚೆಂಡು ಮೇಲೇಳುವುದೇ ಇಲ್ಲ, ಬಲಕ್ಕೆ ಬೇರೆ ಹೋಗುತ್ತದೆ. ಅವೆರಡನ್ನೂ ತೆಗೆದು 3 ಹೈಬ್ರಿಡ್, 4 ಹೈಬ್ರಿಡ್ ತಗೊಳ್ಳೋದಾ, ವುಡ್ ತಗೊಳ್ಳೋದಾ, ಯುಟಿಲಿಟಿ ಐರನ್ ತಗೊಳ್ಳೋದಾ ಅಂತ ಕೇಳಿದ್ದೀರಿ. ವುಡ್ ಅಂದರೆ ದೊಡ್ಡ ತಲೆಯ ದೂರದ ಕ್ಲಬ್, ಹೈಬ್ರಿಡ್ ಅಂದರೆ ಐರನ್‌ಗೂ ವುಡ್‌ಗೂ ನಡುವಿನದು.

ನನ್ನ ಉತ್ತರ ಹೀಗೆ. ಎರಡು ಕ್ಲಬ್ ತೆಗೆದಿರಿ ಅಂತ ಎರಡನ್ನೇ ಹಾಕಬೇಕಾಗಿಲ್ಲ. ನಿಮಗೆ ಒಂದೇ ಸಾಕಾಗಬಹುದು. ಅದು ಯಾವುದು ಅಂತ ತೀರ್ಮಾನ ಮಾಡಬೇಕಾದದ್ದು ಕ್ಲಬ್ ಮೇಲೆ ಕೆತ್ತಿದ ನಂಬರ್ ನೋಡಿ ಅಲ್ಲ, ನಿಮ್ಮ ಕ್ಯಾರಿ ನೋಡಿ.

ಮೊದಲು ಲಾಂಗ್ ಐರನ್ ಯಾಕೆ ಕಷ್ಟ ಅಂತ ಹೇಳುತ್ತೇನೆ. ಹಳೆಯ ಸೆಟ್‌ಗಳಲ್ಲಿ 3 ಐರನ್ ಲಾಫ್ಟ್ (ಕ್ಲಬ್ ಮುಖ ಹಿಂದಕ್ಕೆ ವಾಲಿರುವ ಕೋನ) 21 ಡಿಗ್ರಿ ಆಸುಪಾಸು, 4 ಐರನ್ 24, 5 ಐರನ್ 27. ಲಾಫ್ಟ್ ಕಡಿಮೆ, ಶಾಫ್ಟ್ (ಕ್ಲಬ್‌ನ ಕೋಲು) ಉದ್ದ, ತಳ ತೆಳು. ತಲೆಯ ತೂಕವೆಲ್ಲ ಮುಖದ ಹತ್ತಿರವೇ ಇರುತ್ತದೆ. ಇಂಥ ಕ್ಲಬ್‌ನಲ್ಲಿ ಚೆಂಡು ಎತ್ತರಕ್ಕೆ ಹೋಗಬೇಕಾದರೆ ಸ್ವಿಂಗ್ ವೇಗ ಬೇಕು. ವೇಗ ಇದ್ದರೆ ಸ್ಪಿನ್ ಬರುತ್ತದೆ, ಸ್ಪಿನ್ ಬಂದರೆ ಚೆಂಡು ಗಾಳಿಯಲ್ಲಿ ನಿಲ್ಲುತ್ತದೆ. ವೇಗ ಸಾಲದಿದ್ದರೆ ಚೆಂಡು ತಗ್ಗಾಗಿ ಹೋಗಿ ಬೇಗ ಬೀಳುತ್ತದೆ. ಆಗ 3, 4, ಕೆಲವರಿಗೆ 5 ಐರನ್ ಕೂಡ ಒಂದೇ ದೂರಕ್ಕೆ ಬಂದು ನಿಲ್ಲುತ್ತವೆ. ನಿಮ್ಮ ಸ್ವಿಂಗ್‌ನಲ್ಲಿ ದೋಷ ಇದೆ ಅಂತ ಇದರ ಅರ್ಥ ಅಲ್ಲ. 7 ಐರನ್ 135 ಹೋಗುವ ಯಾರಿಗಾದರೂ 21 ಡಿಗ್ರಿಯ ಐರನ್ ಕೆಲಸ ಮಾಡುವುದು ಕಷ್ಟವೇ. ಪಾಠ ಹೇಳಿಸಿಕೊಳ್ಳಿ, ಒಳ್ಳೆಯದೇ. ಆದರೆ 3 ಐರನ್ ಹೊಡೆಯೋಕೆ ಅಂತ ಪಾಠಕ್ಕೆ ದುಡ್ಡು ಹಾಕಬೇಡಿ.

ಈಗ ಮಾಡಬೇಕಾದ ಕೆಲಸ. ರೇಂಜ್‌ಗೆ (ಅಭ್ಯಾಸದ ಮೈದಾನ) ಹೋಗಿ 7, 6, 5, 4 ಐರನ್, ಆಮೇಲೆ ನಿಮ್ಮ 5 ವುಡ್ ಹೊಡೆಯಿರಿ. ಲಾಂಚ್ ಮಾನಿಟರ್ (ಚೆಂಡಿನ ವೇಗ, ದೂರ ಅಳೆಯುವ ಯಂತ್ರ) ಸಿಕ್ಕರೆ ಬಹಳ ಒಳ್ಳೆಯದು, ಈಗ ಬೆಂಗಳೂರಿನ ಹಲವು ರೇಂಜ್‌ಗಳಲ್ಲಿ, ಸಿಮ್ಯುಲೇಟರ್ ಕೇಂದ್ರಗಳಲ್ಲಿ ಇದೆ. ಉರುಳಿದ್ದು ಸೇರಿಸಬೇಡಿ, ಕ್ಯಾರಿ ಮಾತ್ರ ಬರೆದುಕೊಳ್ಳಿ. ಅತಿ ಚೆನ್ನಾಗಿ ಬಿದ್ದ ಒಂದು ಶಾಟ್ ಲೆಕ್ಕಕ್ಕೆ ಬೇಡ, ಸಾಮಾನ್ಯವಾಗಿ ಎಲ್ಲಿ ಬೀಳುತ್ತದೋ ಅದನ್ನು ಹಿಡಿಯಿರಿ. ರೇಂಜ್ ಚೆಂಡು ಸ್ವಲ್ಪ ಕಡಿಮೆ ಹೋಗುತ್ತದೆ, ಪರವಾಗಿಲ್ಲ. ನಮಗೆ ಬೇಕಾದದ್ದು ಒಂದು ಕ್ಲಬ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ. ಎರಡು ಐರನ್ ನಡುವೆ 8ರಿಂದ 10 ಯಾರ್ಡ್ ವ್ಯತ್ಯಾಸ ಸಿಕ್ಕರೆ ಉದ್ದದ ಐರನ್ ಕೆಲಸ ಮಾಡುತ್ತಿದೆ. ವ್ಯತ್ಯಾಸ 5ಕ್ಕಿಂತ ಕಡಿಮೆ ಇದ್ದರೆ ಅದನ್ನು ಬ್ಯಾಗ್‌ನಲ್ಲಿ ಸುಮ್ನೆ ಹೊರುತ್ತಿದ್ದೀರಿ ಅಂತಲೇ ಲೆಕ್ಕ.

ನಿಮ್ಮ 135ರ ಮೇಲೆ ಒಂದು ಅಂದಾಜು ಹಾಕೋಣ. 6 ಐರನ್ 145, 5 ಐರನ್ 153 ಬರಬಹುದು. 4 ಮತ್ತು 3 ಎರಡೂ 155ರ ಹತ್ತಿರವೇ ಸುತ್ತುತ್ತವೆ. 18 ಡಿಗ್ರಿಯ 5 ವುಡ್ 175 ಹೋಗುತ್ತದೆ ಅಂತಿಟ್ಟುಕೊಳ್ಳಿ. ಹಾಗಾದರೆ ಖಾಲಿ ಇರುವುದು 153ರಿಂದ 175ರವರೆಗೆ, 22 ಯಾರ್ಡ್. ಅದರ ಮಧ್ಯಕ್ಕೆ 163–165 ಹೋಗುವ ಒಂದು ಕ್ಲಬ್ ಬಂದರೆ ಮುಗಿಯಿತು. 3 ಹೈಬ್ರಿಡ್, 4 ಹೈಬ್ರಿಡ್ ಎರಡನ್ನೂ ತಂದರೆ ಅವುಗಳಲ್ಲಿ ಒಂದರ ದೂರ 5 ವುಡ್‌ನದಕ್ಕೇ ಅಂಟಿಕೊಳ್ಳುತ್ತದೆ, ದುಡ್ಡು ದಂಡ. ಸ್ವಿಂಗ್ ವೇಗ ಕಡಿಮೆ ಇದ್ದಷ್ಟೂ ಕ್ಲಬ್‌ಗಳ ನಡುವಿನ ಅಂತರ ಕಿರಿದಾಗುತ್ತದೆ. ಆದ್ದರಿಂದ ಬ್ಯಾಗ್‌ನ ಆ ತುದಿಯಲ್ಲಿ ನಮ್ಮಂಥವರಿಗೆ ಬೇಕಾದ ಕ್ಲಬ್‌ಗಳೂ ಕಡಿಮೆ. ಅಂಗಡಿಯಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ಈ ಲೆಕ್ಕದಲ್ಲಿ ನಿಮಗೆ ಬೇಕಾದದ್ದು 23ರಿಂದ 24 ಡಿಗ್ರಿಯ ಒಂದು ಕ್ಲಬ್. ಕೊಳ್ಳುವಾಗ ನಂಬರ್ ನಂಬಬೇಡಿ. 4 ಹೈಬ್ರಿಡ್ ಅಂತ ಬರೆದದ್ದು ಒಂದು ಕಂಪನಿಯಲ್ಲಿ 21, ಇನ್ನೊಂದರಲ್ಲಿ 23 ಡಿಗ್ರಿ ಇರುತ್ತದೆ. ಐರನ್‌ಗಳಲ್ಲೂ ಇದೇ ಕಥೆ. ಹಳೆಯ ಸೆಟ್‌ನ 7 ಐರನ್ 34–35 ಡಿಗ್ರಿ ಇದ್ದರೆ, ಹೊಸ ಗೇಮ್ ಇಂಪ್ರೂವ್‌ಮೆಂಟ್ (ಹವ್ಯಾಸಿಗಳಿಗೆ ಸುಲಭವಾಗಲಿ ಅಂತ ಮಾಡಿದ) ಸೆಟ್‌ಗಳಲ್ಲಿ ಅದು 28–30ಕ್ಕೆ ಇಳಿದಿದೆ. ಅಂಥ ಸೆಟ್‌ನಲ್ಲಿ 5 ಐರನ್ 21–23 ಡಿಗ್ರಿ. ಅಂದರೆ ಹಳೆಯ 3 ಐರನ್ನೇ 5 ಅಂತ ಬರೆಸಿಕೊಂಡು ಬಂದಿದೆ. ಹೊಸ ಸೆಟ್ ತಗೊಂಡ ಗೆಳೆಯರು "ನನಗೆ 5 ಐರನ್ ಕೂಡ ಏಳುತ್ತಿಲ್ಲ" ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಹೊಸ ಸೆಟ್‌ನಲ್ಲಿ ಹಾಗಾಗುವುದು ಸಹಜ. ಅವರು 5ನ್ನೂ ತೆಗೆದು 6ರಿಂದ ಶುರು ಮಾಡಬೇಕು, ಅಷ್ಟೇ.

ಈಗ ಹೈಬ್ರಿಡ್ಡಾ, ವುಡ್ಡಾ ಅನ್ನುವ ಪ್ರಶ್ನೆ. 24 ಡಿಗ್ರಿ ಎರಡರಲ್ಲೂ ಸಿಗುತ್ತದೆ, ವುಡ್‌ನಲ್ಲಿ ಅದನ್ನು 9 ವುಡ್ ಅನ್ನುತ್ತಾರೆ. 7 ವುಡ್ ಸಾಮಾನ್ಯವಾಗಿ 21 ಡಿಗ್ರಿ, ಅದು ನಿಮ್ಮ 5 ವುಡ್‌ಗೆ ತೀರಾ ಹತ್ತಿರ ಬಂದುಬಿಡುತ್ತದೆ. ಹೈಬ್ರಿಡ್ ತಲೆ ಒಳಗೆ ಟೊಳ್ಳು, ತೂಕ ಕೆಳಗೆ ಮತ್ತು ಹಿಂದಕ್ಕೆ ಇರುತ್ತದೆ. ಅದೇ ಲಾಫ್ಟ್‌ನ ಐರನ್‌ಗಿಂತ ಚೆಂಡು ಎತ್ತರಕ್ಕೆ ಏಳುವುದು ಇದರಿಂದಲೇ. ತಳ ಅಗಲ, ಸ್ವಲ್ಪ ಹಿಂದೆ ನೆಲಕ್ಕೆ ತಗುಲಿದರೂ ಒಳಗೆ ಹೂತುಕೊಳ್ಳದೆ ಜಾರಿ ಮುಂದೆ ಹೋಗುತ್ತದೆ. ತಲೆ ಸಣ್ಣದಾದ್ದರಿಂದ ರಫ್‌ನ ಉದ್ದ ಹುಲ್ಲಿನಲ್ಲಿ ಸಿಕ್ಕಿಕೊಳ್ಳುವುದು ಕಡಿಮೆ. ಶಾಫ್ಟ್ ಉದ್ದ 40 ಇಂಚಿನ ಒಳಗೇ ಇರುತ್ತದೆ, ಐರನ್‌ಗಿಂತ ಸ್ವಲ್ಪವೇ ಜಾಸ್ತಿ.

9 ವುಡ್ ಶಾಫ್ಟ್ ಅದಕ್ಕಿಂತ ಒಂದೂವರೆ ಇಂಚಿನಷ್ಟು ಉದ್ದ, ತಲೆ ದೊಡ್ಡದು. ಚೆಂಡು ಇನ್ನೂ ಎತ್ತರಕ್ಕೆ ಹೋಗಿ ಕಡಿದಾಗಿ ಇಳಿಯುತ್ತದೆ, ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಮೇಲೆ ಬೇಗ ನಿಲ್ಲುತ್ತದೆ. 45 ಡಿಗ್ರಿ ಆಸುಪಾಸಿನಲ್ಲಿ ಇಳಿದ ಚೆಂಡು ನಿಲ್ಲುತ್ತದೆ ಅಂತ ಫಿಟ್ಟರ್‌ಗಳು (ಆಟಗಾರರಿಗೆ ಕ್ಲಬ್ ಹೊಂದಿಸಿಕೊಡುವವರು) ಲೆಕ್ಕ ಇಟ್ಟುಕೊಂಡಿರುತ್ತಾರೆ. ಫೇರ್‌ವೇ (ಹುಲ್ಲು ಕತ್ತರಿಸಿದ ದಾರಿ) ಮೇಲೆ, ತೆಳು ರಫ್‌ನಲ್ಲಿ ವುಡ್‌ನಷ್ಟು ಸುಲಭವಾದದ್ದು ಇನ್ನೊಂದಿಲ್ಲ. ಎದುರು ಗಾಳಿ ಬಂದರೆ ಮಾತ್ರ ಚೆಂಡು ಮೇಲೆ ಹೋಗಿ ಅಲ್ಲೇ ನಿಂತಂತಾಗುತ್ತದೆ.

ಆಯ್ಕೆ ಮಾಡುವಾಗ ಚೆಂಡು ಯಾವ ಕಡೆ ತಪ್ಪುತ್ತದೆ ಅಂತ ನೋಡಬೇಕು. ಬಹಳಷ್ಟು ಹೈಬ್ರಿಡ್‌ಗಳು ಬಲಗೈ ಆಟಗಾರರಿಗೆ ಚೆಂಡನ್ನು ಎಡಕ್ಕೆ ತರುತ್ತವೆ. ಮೊದಲೇ ಹುಕ್ (ಎಡಕ್ಕೆ ತೀರಾ ಬಾಗುವ ಹೊಡೆತ) ಇರುವವರು ಹೈಬ್ರಿಡ್ ಕಂಡರೆ ಹೆದರುವುದು ಅದಕ್ಕೇ. ಅಂಥವರಿಗೆ ವುಡ್ ವಾಸಿ. ನಿಮ್ಮದು ಬಲಕ್ಕೆ ಹೋಗುವ ಚೆಂಡು, ಅಲ್ವಾ? ಹಾಗಿದ್ದರೆ ಹೈಬ್ರಿಡ್‌ನ ಆ ಗುಣ ನಿಮಗೆ ಅನುಕೂಲವೇ. ಜೊತೆಗೆ ನೀವು ಆಡುವ ಕೋರ್ಸ್‌ನಲ್ಲಿ ರಫ್ ದಟ್ಟ ಅಂತ ಬರೆದಿದ್ದೀರಿ. ಎರಡನ್ನೂ ಸೇರಿಸಿ ನೋಡಿದರೆ ನನ್ನ ಓಟು 24 ಡಿಗ್ರಿಯ ಹೈಬ್ರಿಡ್‌ಗೆ.

ಯುಟಿಲಿಟಿ ಐರನ್ ಬೇಡ. ನೋಡೋಕೆ ಚೆನ್ನಾಗಿರುತ್ತದೆ, ಒಳಗೆ ಟೊಳ್ಳು ಅಂತ ಸ್ವಲ್ಪ ಸುಲಭವೂ ಹೌದು. ಆದರೆ ಅದು ವೇಗದ ಸ್ವಿಂಗ್ ಇದ್ದು, ಟೀ ಮೇಲಿಂದ ತಗ್ಗಾಗಿ ಹೊಡೆಯಬೇಕು ಅನ್ನುವವರ ಕ್ಲಬ್. ನಿಮ್ಮ ತೊಂದರೆ ಚೆಂಡು ಏಳದಿರುವುದು.

ಈ ಚರ್ಚೆಯಲ್ಲಿ ಒಬ್ಬರು "ಲಾಂಗ್ ಐರನ್ ಹೊಡೆಯೋಕೆ ಕಲಿತವನೇ ನಿಜವಾದ ಗಾಲ್ಫರ್, ಹೈಬ್ರಿಡ್ ಶಾರ್ಟ್‌ಕಟ್" ಅಂತ ಹಾಕಿದ್ದಾರೆ. ಅವರ ಮೇಲೆ ಗೌರವ ಇಟ್ಟುಕೊಂಡೇ ಇದನ್ನು ಒಪ್ಪುವುದಿಲ್ಲ. 2009ರ ಪಿಜಿಎ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಿ. ಅಮೆರಿಕದ ಹೇಝಲ್ಟೀನ್ ಕೋರ್ಸ್‌ನ ಕೊನೆಯ ಹೋಲ್‌ನಲ್ಲಿ ಕೊರಿಯಾದ ವೈ.ಇ. ಯಾಂಗ್ 200 ಯಾರ್ಡ್‌ಗೂ ಜಾಸ್ತಿ ದೂರದಿಂದ ಹೈಬ್ರಿಡ್ ಹೊಡೆದು ಚೆಂಡನ್ನು ಗ್ರೀನ್ ಮೇಲೆ ನಿಲ್ಲಿಸಿ ಗೆದ್ದರು. ಟೈಗರ್ ವುಡ್ಸ್ ಕೊನೆಯ ದಿನ ಮುನ್ನಡೆಯಲ್ಲಿದ್ದು ಮೇಜರ್ (ಗಾಲ್ಫ್‌ನ ಅತಿ ದೊಡ್ಡ ಟೂರ್ನಿಗಳಲ್ಲೊಂದು) ಕಳೆದುಕೊಂಡದ್ದು ಅದೇ ಮೊದಲು. 2004ರಲ್ಲಿ ರಾಯಲ್ ಟ್ರೂನ್‌ನಲ್ಲಿ ಟಾಡ್ ಹ್ಯಾಮಿಲ್ಟನ್ ಬ್ರಿಟಿಷ್ ಓಪನ್ ಗೆದ್ದಾಗ ಗ್ರೀನ್ ಪಕ್ಕದಿಂದ ಚೆಂಡನ್ನು ಉರುಳಿಸೋಕೂ ಹೈಬ್ರಿಡ್ಡನ್ನೇ ಬಳಸಿದ್ದರು. ನಮ್ಮ ಬೆಂಗಳೂರಿನ ಕೆಜಿಎಯಲ್ಲಿ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಆಡುತ್ತಾ ಬೆಳೆದ ಅದಿತಿ ಅಶೋಕ್ ಉದ್ದ ಹೊಡೆಯುವ ಆಟಗಾರ್ತಿ ಅಲ್ಲ. ಬೇರೆಯವರು ಸಣ್ಣ ಐರನ್ ಹಿಡಿಯುವ ಕಡೆ ಅವರು ಹೈಬ್ರಿಡ್, ಫೇರ್‌ವೇ ವುಡ್ ಹಿಡಿದು ಗ್ರೀನ್‌ಗೆ ಹೊಡೆಯುತ್ತಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಹಾಗೆ ಆಡಿಯೇ ಪದಕಕ್ಕೆ ಒಂದೇ ಸ್ಟ್ರೋಕ್ ಹಿಂದೆ, ನಾಲ್ಕನೆಯವರಾಗಿ ಮುಗಿಸಿದರು. ಅದನ್ನು ಬೆಳಿಗ್ಗೆ ಎದ್ದು ಟಿವಿಯಲ್ಲಿ ನೋಡಿದ ನಮಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಶಾಫ್ಟ್ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ಹೇಳುತ್ತೇನೆ. ನಿಮ್ಮ ಐರನ್‌ಗಳು ಸ್ಟೀಲ್ ಶಾಫ್ಟ್‌ನವು, 100 ಗ್ರಾಂ ಮೇಲೇ ಇರುತ್ತವೆ. ಹೈಬ್ರಿಡ್‌ಗಳು ಗ್ರಾಫೈಟ್‌ನಲ್ಲಿ ಬರುತ್ತವೆ. 50 ಗ್ರಾಂನ ತೀರಾ ಹಗುರ ಶಾಫ್ಟ್ ತಗೊಂಡರೆ, 6 ಐರನ್ ಇಟ್ಟು ಅದನ್ನು ಎತ್ತಿದ ಕೂಡಲೇ ಕೈಯ ತಾಳ ತಪ್ಪುತ್ತದೆ. 65ರಿಂದ 80 ಗ್ರಾಂ ನಡುವಿನದು ನೋಡಿ. ಫ್ಲೆಕ್ಸ್ (ಶಾಫ್ಟ್ ಎಷ್ಟು ಬಾಗುತ್ತದೆ ಅನ್ನುವುದು) ನಿಮ್ಮ ವೇಗಕ್ಕೆ ರೆಗ್ಯುಲರ್ ಸಾಕು. ಸ್ಟಿಫ್ ತಗೊಂಡರೆ ಮತ್ತೆ ಚೆಂಡು ತಗ್ಗಾಗಿ ಬಲಕ್ಕೆ ಹೋಗಬಹುದು.

ಟ್ರಯಲ್ ನೋಡುವಾಗ ಒಂದು ಎಚ್ಚರಿಕೆ. ಮ್ಯಾಟ್ ಮೇಲೆ ಹೊಡೆದು ತೀರ್ಮಾನ ಮಾಡಬೇಡಿ. ಚೆಂಡಿನ ಹಿಂದೆ ತಗುಲಿದರೂ ಕ್ಲಬ್ ಮ್ಯಾಟ್ ಮೇಲೆ ಜಾರಿಬಿಡುತ್ತದೆ, ಶಾಟ್ ಚೆನ್ನಾಗಿಯೇ ಕಾಣುತ್ತದೆ. ಹುಲ್ಲಿನ ಮೇಲೆ, ಸಾಧ್ಯವಾದರೆ ಕೋರ್ಸ್‌ನಲ್ಲೇ ಹೊಡೆದು ನೋಡಿ. ಮಳೆಗಾಲದಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಕೊಡಗು, ಚಿಕ್ಕಮಗಳೂರು ಕಡೆ ಜೂನ್‌ನಿಂದ ಫೇರ್‌ವೇ ಮೆತ್ತಗಾಗುತ್ತದೆ, ಚೆಂಡು ಬಿದ್ದಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಚೆಂಡು ಉರುಳುವುದರಿಂದ ಮುಚ್ಚಿಹೋಗುವ ಕ್ಯಾರಿಯ ಕೊರತೆ ಆಗ ಎದ್ದು ಕಾಣುತ್ತದೆ. ಇನ್ನೊಂದು ಮಾತು, ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ಚೆಂಡು ಶೇಕಡಾ 3–4ರಷ್ಟು ಜಾಸ್ತಿ ಹೋಗುತ್ತದೆ. ಇಲ್ಲಿಯ 165, ಚೆನ್ನೈಗೆ ಹೋದರೆ 160ರ ಹತ್ತಿರ. ನೀವು ಮಗಳ ಮನೆಗೆ ಹೋದಾಗ ಅಲ್ಲೂ ಆಡುತ್ತೀರಿ ಅಂತ ಬರೆದಿದ್ದರಿಂದ ಹೇಳಿದೆ.

ಹೈಬ್ರಿಡ್ ಹೊಡೆಯುವ ರೀತಿ ಬೇರೆ. ನೋಡೋಕೆ ಸಣ್ಣ ವುಡ್ ಥರ ಇದೆ ಅಂತ ಹಲವರು ಚೆಂಡನ್ನು ಎಡಗಾಲಿನ ಹಿಮ್ಮಡಿ ನೇರಕ್ಕೆ ಇಟ್ಟು, ಕೆಳಗಿನಿಂದ ಎತ್ತೋಕೆ ಹೋಗುತ್ತಾರೆ. ಕ್ಲಬ್ ಚೆಂಡಿನ ಮೇಲ್ಭಾಗಕ್ಕೆ ತಗುಲಿ ಟಾಪ್ ಆಗುತ್ತದೆ. ಅದನ್ನು ಐರನ್ ಅಂತಲೇ ತಿಳಿಯಿರಿ. ಚೆಂಡು ಮಧ್ಯಕ್ಕಿಂತ ಸ್ವಲ್ಪ ಮುಂದೆ ಇರಲಿ. ಮೊದಲು ಚೆಂಡು, ಆಮೇಲೆ ನೆಲ. ಎತ್ತುವ ಕೆಲಸ ಲಾಫ್ಟ್ ಮಾಡುತ್ತದೆ. ಪಾರ್ 3ರಲ್ಲಿ ಟೀ ಮೇಲೆ ಇಟ್ಟರೆ ತೀರಾ ತಗ್ಗಾಗಿ ಇಡಿ, ಟೀ ಬಹುಪಾಲು ನೆಲದೊಳಗೇ ಇರಬೇಕು.

ಹೊಸದೇ ಬೇಕು ಅಂತಿಲ್ಲ. ಹತ್ತು ವರ್ಷ ಹಳೆಯ ಹೈಬ್ರಿಡ್ ಕೂಡ ನಿಮ್ಮ ಕೆಲಸಕ್ಕೆ ಸಾಕು. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಮುಖದ ಮೇಲೆ ಸೀಳು ಇದೆಯಾ ನೋಡಿ, ತಲೆ ಅಲ್ಲಾಡಿಸಿದರೆ ಒಳಗೆ ಸದ್ದು ಬರುತ್ತದಾ ಕೇಳಿ, ತಲೆಗೂ ಶಾಫ್ಟ್‌ಗೂ ಸೇರುವ ಕಡೆ ತಿರುಚಿ ನೋಡಿ. ಆನ್‌ಲೈನ್‌ನಲ್ಲಿ ಹೊಸ ಮಾಡೆಲ್ ಅರ್ಧ ಬೆಲೆಗೆ ಕಂಡರೆ ಅದು ನಕಲಿ ಇರುವ ಸಾಧ್ಯತೆಯೇ ಜಾಸ್ತಿ. ಸೀರಿಯಲ್ ನಂಬರ್ ಕೇಳಿ, ಕೊಡದಿದ್ದರೆ ಬಿಡಿ.

ಉಳಿದ ಜಾಗದ ಬಗ್ಗೆ. ನಿಯಮದ ಪ್ರಕಾರ 14 ಕ್ಲಬ್‌ಗೆ ಅವಕಾಶ. ಎರಡು ತೆಗೆದು ಒಂದು ಹಾಕಿದರೆ ಒಂದು ಜಾಗ ಖಾಲಿ. ಅಲ್ಲಿಗೆ ವೆಜ್ ಹಾಕಿ. ನಿಮ್ಮ ಪಿಚಿಂಗ್ ವೆಜ್ 48 ಡಿಗ್ರಿ ಇದ್ದು ಸ್ಯಾಂಡ್ ವೆಜ್ 56 ಇದ್ದರೆ ಮಧ್ಯೆ 52 ಬೇಕೇ ಬೇಕು. 90 ಯಾರ್ಡ್‌ನ ಆಸುಪಾಸಿನ ಶಾಟ್ ಕೂಡ ನಿಮಗೆ ಒಂದು ರೌಂಡ್‌ನಲ್ಲಿ ಬರುತ್ತಲೇ ಇರುತ್ತದೆ.

ರೇಂಜ್‌ಗೆ ಹೋಗಿ ಬಂದ ಮೇಲೆ 5, 6 ಐರನ್ ಮತ್ತು 5 ವುಡ್ ಕ್ಯಾರಿ ಇಲ್ಲಿ ಹಾಕಿ. 5 ಮತ್ತು 6ರ ನಡುವೆ ವ್ಯತ್ಯಾಸವೇ ಬರಲಿಲ್ಲ ಅಂದರೆ 24ರ ಬದಲು 26 ಡಿಗ್ರಿಯ ಹೈಬ್ರಿಡ್ ನೋಡಬೇಕಾಗುತ್ತದೆ, 5 ಐರನ್ ಕೂಡ ಮನೆಯಲ್ಲಿ ಉಳಿಯುತ್ತದೆ. ಅಂಕಿ ಬರುವವರೆಗೆ ಏನೂ ಕೊಳ್ಳಬೇಡಿ.